ಹಳೆ ಮ್ಯಾಸ್ಸಿ 1035: ಮುಂಜಾನೆ ಬಿಳಿ ಹೊಗಿ, ಲೋಡ್ ಬಿದ್ರ ಇಪ್ಪತ್ತು ನಿಮಿಷಕ್ಕ ಬಂದ್. ಎಲ್ಲಿಂದ ನೋಡೂದು?

ಕಪ್ಪುಮಣ್ಣು

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ಮ್ಯಾಸ್ಸಿ ಫರ್ಗುಸನ್ 1035, ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್, ಡಿಪಿಎ ರೋಟರಿ ಪಂಪ್ (ಸಿಲಿಂಡರಿಗೆ ಡೀಸೆಲ್ ಚಿಮ್ಮೂ ನಾಝಲ್‌ಗೋಳಿಗೆ ಒತ್ತಡದ ಮ್ಯಾಲ ಡೀಸೆಲ್ ಕಳಸೂ ಪಂಪ್). ತೊಂದರಿ ಹಿಂಗದಾವ. ಮುಂಜಾನೆ ತಂಪಿನ್ಯಾಗ ಸೆಲ್ಫ್ ಭಾಳ ಹೊತ್ತು ಹೊಡೀಬೇಕು. ಹತ್ತೂಮುಂದ ಬಿಳಿ ಹೊಗಿ, ಕಣ್ಣು ಉರಿಯೂವಂಥಾ ಡೀಸೆಲ್ ವಾಸನಿ. ಕಲ್ಟಿವೇಟರ್ ಹಾಕಿ ಹೊಲಕ್ಕ ಇಳದ್ರ ಇಪ್ಪತ್ತು ನಿಮಿಷ ಚಲೋ ನಡೀತೈತಿ, ಆಮ್ಯಾಲ ದಮ್ಮು ಕಳಕೊಂಡು ಬಂದ್ ಬೀಳ್ತೈತಿ. ಹತ್ತು ನಿಮಿಷ ಬಿಟ್ಟು ಹೊಡದ್ರ ಮತ್ತ ಚಾಲೂ. ಐಡ್ಲಿಂಗ್‌ನ್ಯಾಗ ಒಮ್ಮೊಮ್ಮೆ ಮಿಸ್ ಹೊಡೀತೈತಿ.

"ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್ನಿಗೆ ಕಳಸ್ರಿ, ಹೆಡ್ಡೂ ಇಳಸೂಣು" ಅಂತ ಮಿಸ್ತ್ರಿ ಹೇಳ್ಯಾರ. ಅದಕ್ಕೂ ಮೊದ್ಲ ನಾವು ಏನೇನು ನೋಡಬಹುದು?

ಪಂಪ್‌ರೂಮ್

ಪಂಪಿಗೂ ಹೆಡ್ಡಿಗೂ ಈಗಲೇ ಕೈ ಹಾಕಿಸಬೇಡಿ ಯಜಮಾನ್ರೆ. ಡಿಪಿಎ ಪಂಪಿನ ರೋಟರ್ ಸವೆದಿದ್ದರೆ ಲಕ್ಷಣ ಇದಕ್ಕೆ ಪೂರ್ತಿ ಉಲ್ಟಾ ಇರುತ್ತದೆ. ತಣ್ಣಗಿದ್ದಾಗ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ದುಡಿದು ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹತ್ತುವುದೇ ಇಲ್ಲ. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲಿ ಸೋರಿಹೋಗಿ, ನಾಝಲ್ ತೆರೆಯುವಷ್ಟು ಒತ್ತಡವೇ ಏಳುವುದಿಲ್ಲ. ನಿಮ್ಮ ಗಾಡಿ ಬಿಸಿಯಿದ್ದಾಗಲೇ ಹತ್ತು ನಿಮಿಷಕ್ಕೆ ಸ್ಟಾರ್ಟ್ ಆಗುತ್ತಿದೆ. ಅಂದರೆ ಆ ಹತ್ತು ನಿಮಿಷದಲ್ಲಿ ಖಾಲಿಯಾಗಿದ್ದ ಜಾಗಕ್ಕೆ ಡೀಸೆಲ್ ನಿಧಾನವಾಗಿ ಬಂದು ತುಂಬುತ್ತಿದೆ. ಆದ್ದರಿಂದ ಟ್ಯಾಂಕಿನಿಂದ ಪಂಪಿನ ಬಾಯಿವರೆಗಿನ ದಾರಿಯನ್ನು ಮೊದಲು ನೋಡಿ. ಇದಕ್ಕೆ ದುಡ್ಡಿನ ಖರ್ಚಿಲ್ಲ.

ಎಂಜಿನ್ ಬಂದ್ ಬಿದ್ದ ಕ್ಷಣದಲ್ಲೇ ಟ್ಯಾಂಕಿನ ಮುಚ್ಚಳ ತಿರುಗಿಸಿ. ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡರೆ, ತಕ್ಷಣ ಸ್ಟಾರ್ಟೂ ಆದರೆ, ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದು ಅರ್ಥ. ಡೀಸೆಲ್ ಇಳಿದಷ್ಟೇ ಗಾಳಿ ಒಳಗೆ ಹೋಗಬೇಕು, ಹೋಗದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಏಳುತ್ತದೆ.

ಆಮೇಲೆ ಟ್ಯಾಂಕಿನ ಡೀಸೆಲ್ಲನ್ನು ಮುಂದಕ್ಕೆ ತಳ್ಳುವ ಸಣ್ಣ ಫೀಡ್ ಪಂಪಿಗೆ ಬರುವ ಪೈಪನ್ನು ಅಲ್ಲೇ ಬಿಚ್ಚಿ ಬಾಟಲಿಗೆ ಬಿಡಿ. ಈ ಗಾಡಿಯಲ್ಲಿ ಟ್ಯಾಂಕ್ ಎಂಜಿನ್ನಿನ ಮೇಲೆಯೇ ಇರುವುದರಿಂದ ಡೀಸೆಲ್ ತಾನಾಗಿ ಇಳಿಯಬೇಕು. ಟ್ಯಾಂಕಿನ ತಳದ ಕಾಕ್ ಪೂರ್ತಿ ತೆರೆದರೆ ಒಂದು ನಿಮಿಷದಲ್ಲಿ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ಬರಬೇಕು. ಅರ್ಧ ನಿಮಿಷ ನೋಡಿ ನಿಲ್ಲಿಸಿಬಿಟ್ಟರೆ ಏನೂ ಗೊತ್ತಾಗುವುದಿಲ್ಲ, ನಾಲ್ಕೈದು ಲೀಟರ್ ಇಳಿಯುವವರೆಗೂ ಧಾರೆ ಸಣ್ಣಗಾಗುತ್ತದೆಯೇ ಎಂದು ನೋಡಬೇಕು. ತಳದ ಗಸಿ ಕದಡಿ ಜಾಲರಿಗೆ ಅಂಟಿಕೊಳ್ಳಲು ಹೊತ್ತು ಹಿಡಿಯುತ್ತದೆ. ನಿಮ್ಮ ಇಪ್ಪತ್ತು ನಿಮಿಷ ಬಹುಶಃ ಅದೇ.

ಗದ್ದೆಬಯಲು

ಮೇಲಿನವರು ಹೇಳಿದ್ದು ಸರಿ. ಸೇರಿಸುವುದು ಇಷ್ಟೇ: ಪೈಪಿಗೆ ಗಾಳಿ ಹೊಡೆದು "ಕ್ಲೀನ್ ಆಯ್ತು" ಅನ್ನಬೇಡಿ. ಹಿಂದಕ್ಕೆ ಗಾಳಿ ಹೊಡೆದರೆ ಕಸ ಟ್ಯಾಂಕಿನೊಳಗೇ ಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಅಲ್ಲೇ ಬಂದು ಕೂರುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾಕನ್ನು ಬಿಚ್ಚಿ, ಅದರ ತಲೆಯ ಮೇಲಿನ ಜಾಲರಿ ಹೊರಗೆ ತೆಗೆದು ನೋಡಿ. ಕಪ್ಪು ಲೋಳೆ ಇದ್ದರೆ ಡೀಸೆಲ್ ಜತೆ ನೀರು ಸೇರಿ ಬೆಳೆದ ಪಾಚಿಯಂಥ ಪದಾರ್ಥ. ಟ್ಯಾಂಕನ್ನು ಡೀಸೆಲ್ಲಿನಿಂದಲೇ ಎರಡು ಮೂರು ಸಲ ಅಲುಗಾಡಿಸಿ ತೊಳೆಯಿರಿ, ನೀರು ಹಾಕಬೇಡಿ.

ಡೀಸೆಲ್ ಕ್ಯಾನಿನಿಂದ ತುಂಬುವಾಗ ಸಣ್ಣ ಕಣ್ಣಿನ ಜಾಲರಿ ಇರುವ ಲಾಳಿಕೆ ಬಳಸಿ. ಕ್ಯಾನಿನ ತಳದ ಒಂದು ಗ್ಲಾಸಿನಷ್ಟು ಸುರಿಯದೆ ಬಿಡಿ, ನೀರು ಇದ್ದರೆ ಅಲ್ಲೇ ಇರುತ್ತದೆ.

ಕಪ್ಪುಮಣ್ಣು

ಮಾಡಿ ನೋಡಿದ್ವಿ. ಧಾರಿ ಮೊದ್ಲ ಚಲೋ ಇತ್ತು, ಮೂರನೇ ಲೀಟರಿಗೆ ನೂಲಿನಷ್ಟಾತು. ಜಾಲರಿ ತುಂಬ ಕರೀ ಲೋಳಿ. ಮುಚ್ಚಳದ ತೂತಿನ್ಯಾಗ ಕೆಸರು ಕಟ್ಟಿತ್ತು. ಎರಡೂ ಸ್ವಚ್ಛ ಮಾಡಿ, ಎರಡೂ ಡೀಸೆಲ್ ಫಿಲ್ಟರ್ ಹೊಸಾವು ಹಾಕೇವಿ. ಈಗ ಹೊಲದಾಗ ಬಂದ್ ಬೀಳೂದು ನಿಂತೈತಿ. ಮುಂಜಾನೆ ತ್ರಾಸು, ಬಿಳಿ ಹೊಗಿ, ಮಿಸ್ ಹೊಡಿಯೂದು ಹಂಗ ಅದಾವ.

ಇನ್ನೊಂದು: ಎಂಜಿನ್ ಆಯಿಲ್ ಕಡ್ಡಿ ತಗದು ನೋಡಿದ್ರ ಮ್ಯಾಲಿನ ಗುರ್ತಿಗಿಂತ ಒಂದು ಬೊಟ್ಟು ಮ್ಯಾಲ ಐತಿ. ಆಯಿಲ್ ಯಾರೂ ಹಾಕಿಲ್ಲ.

ಪಂಪ್‌ರೂಮ್

ದಯವಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಡಿ. ಉಳಿದದ್ದೆಲ್ಲ ಆಮೇಲೆ.

ಹಾಕದೆ ಆಯಿಲ್ ಏರಿದೆ ಎಂದರೆ ಡೀಸೆಲ್ ಅಥವಾ ನೀರು ಸಂಪಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯುತ್ತಿದೆ. ಕಡ್ಡಿಯಿಂದ ಒಂದು ಹನಿಯನ್ನು ಹಳೆ ಪೇಪರಿನ ಮೇಲೆ ಬಿಟ್ಟು ಅರ್ಧ ಗಂಟೆ ಇಡಿ. ನಡುವಿನ ಕಪ್ಪು ಚುಕ್ಕೆಯ ಸುತ್ತ ತೆಳ್ಳನೆಯ ಎಣ್ಣೆ ಉಂಗುರ ಅಗಲವಾಗಿ ಹರಡಿದರೆ ಡೀಸೆಲ್. ಮೂಗಿಗೂ ಗೊತ್ತಾಗುತ್ತದೆ. ಕಾಫಿ ಬಣ್ಣಕ್ಕೆ ತಿರುಗಿ ನೊರೆಯಾಗಿದ್ದರೆ ನೀರು, ಅಂದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ನಿಮ್ಮ ಹೊಗೆಯ ವಾಸನೆ ನೋಡಿದರೆ ಡೀಸೆಲ್ ಅನ್ನಿಸುತ್ತದೆ.

ಡೀಸೆಲ್ ಬೆರೆತ ಆಯಿಲಿಗೆ ಬೇರಿಂಗಿನ ಮೇಲೆ ಪದರ ನಿಲ್ಲಿಸುವ ಶಕ್ತಿ ಇರುವುದಿಲ್ಲ. ಬಿಗ್ ಎಂಡ್ ಬೇರಿಂಗ್ ಹೋಗುತ್ತದೆ, ಕ್ರ್ಯಾಂಕ್ ಗೀರು ಬೀಳುತ್ತದೆ. ಮಟ್ಟ ಇನ್ನೂ ಏರಿದರೆ ಎಂಜಿನ್ ಆ ಆಯಿಲನ್ನೇ ಎಳೆದು ಉರಿಸುತ್ತ, ಸ್ಟಾಪ್ ಎಳೆದರೂ ನಿಲ್ಲದೆ ರೇಸ್ ಆಗುವ ಅಪಾಯ ಉಂಟು.

ಈ ಎಂಜಿನ್ನಿನಲ್ಲಿ ಡೀಸೆಲ್ ಸಂಪಿಗೆ ಇಳಿಯುವ ದಾರಿಗಳು ಮೂರು. ಎಲ್ಲಕ್ಕಿಂತ ಹೆಚ್ಚು ಸಿಗುವುದು ಫೀಡ್ ಪಂಪಿನ ಡಯಾಫ್ರಮ್ (ಒಳಗಿನ ಬಾಗುವ ಪರದೆ) ಹರಿದಿರುವುದು. ಅದು ಬ್ಲಾಕಿನ ಪಕ್ಕಕ್ಕೆ ಕೂತಿದೆ, ಅದರ ಲಿವರ್ ಕ್ಯಾಮ್ ಶಾಫ್ಟಿನಿಂದ ಆಡುತ್ತದೆ, ಹರಿದರೆ ಡೀಸೆಲ್ ನೇರ ಸಂಪಿಗೆ. ಎರಡನೆಯದು ಡಿಪಿಎ ಪಂಪಿನ ಡ್ರೈವ್ ಶಾಫ್ಟ್ ಸೀಲ್. ಅದು ಹೋದರೆ ಟೈಮಿಂಗ್ ಕೇಸಿನ ಮೂಲಕ ಇಳಿಯುತ್ತದೆ. ಮೂರನೆಯದು ಹನಿಯುವ ನಾಝಲ್: ಉರಿಯದ ಡೀಸೆಲ್ ಲೈನರ್ ಗೋಡೆಯ ಆಯಿಲನ್ನು ತೊಳೆದುಕೊಂಡು ರಿಂಗ್ ದಾಟಿ ಕೆಳಗೆ ಬರುತ್ತದೆ. ಅದರಿಂದ ಮಟ್ಟ ಇಷ್ಟು ಏರುವುದು ಕಡಿಮೆ.

ಹರಿದ ಡಯಾಫ್ರಮ್ ಮುಂಜಾನೆಯ ತ್ರಾಸಿಗೂ ಕಾರಣವಾಗಬಲ್ಲದು. ರಾತ್ರಿ ನಿಂತಾಗ ಆ ಬಿರುಕಿನಿಂದ ಡೀಸೆಲ್ ಇಳಿದು ಆ ಜಾಗಕ್ಕೆ ಗಾಳಿ ಸೇರುತ್ತದೆ, ಬೆಳಿಗ್ಗೆ ಸೆಲ್ಫಿನಿಂದಲೇ ಆ ಗಾಳಿ ಹೊರಗೆ ಹೋಗಬೇಕು.

ಹಾಸನ 1035

ಫೀಡ್ ಪಂಪ್ ಪರೀಕ್ಷೆ ಕಷ್ಟವಿಲ್ಲ ಸರ್. ಕಾಕ್ ಬಂದ್ ಮಾಡಿ, ಎರಡೂ ಪೈಪ್ ಬಿಚ್ಚಿ, ಬೋಲ್ಟ್ ತೆಗೆದರೆ ಪಂಪ್ ಕೈಗೆ ಬರುತ್ತದೆ. ಪಂಪಿನೊಳಗೆ ಸ್ವಲ್ಪ ಡೀಸೆಲ್ ತುಂಬಿ. ಒಳಬರುವ ತೂತಿಗೆ ಬೆರಳು ಒತ್ತಿ ಲಿವರನ್ನು ನಾಲ್ಕೈದು ಸಲ ಆಡಿಸಿದರೆ ಬೆರಳನ್ನು ಹೀರಿ ಹಿಡಿಯಬೇಕು. ಹೊರಹೋಗುವ ತೂತಿಗೆ ಬೆರಳು ಒತ್ತಿದರೆ ಒತ್ತಡ ಬೆರಳಿಗೆ ತಾಗಿ ಕೆಲವು ಸೆಕೆಂಡ್ ನಿಲ್ಲಬೇಕು. ಎರಡರಲ್ಲೂ ದಮ್ಮಿಲ್ಲದಿದ್ದರೆ ಒಳಗಿನ ವಾಲ್ವ್ ಹೋಗಿವೆ. ಲಿವರಿನ ಕಡೆಯಿಂದ ಡೀಸೆಲ್ ಜಿನುಗಿದರೆ ಡಯಾಫ್ರಮ್ಮೇ ಹರಿದಿದೆ.

ಕಿಟ್ ಸಿಗುತ್ತದೆ, ಆದರೆ ಲಿವರಿನ ಪಿನ್ ಸವೆದಿದ್ದರೆ ಪೂರ್ತಿ ಪಂಪ್ ಹಾಕುವುದೇ ಒಳ್ಳೆಯದು. ಕೂರಿಸುವಾಗ ಲಿವರ್ ಕ್ಯಾಮಿನ ಮೇಲೆ ಸರಿಯಾಗಿ ಕೂತಿದೆ ಎಂದು ಕೈಯಲ್ಲೇ ಖಾತ್ರಿ ಮಾಡಿಕೊಳ್ಳಿ. ಪಂಪ್ ಬ್ಲಾಕಿಗೆ ಸಮನಾಗಿ ಕೂರದೆ ಒಂದು ಕಡೆ ಎದ್ದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಲಿವರ್ ಮುರಿಯುತ್ತದೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿದರೆ ಸಲೀಸಾಗಿ ಕೂರುತ್ತದೆ.

ಆಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡೂ ಬದಲಿಸಿ. ಆಯಿಲ್ ಉಳಿಸಿಕೊಳ್ಳುವ ಆಸೆ ಬೇಡ. 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಡೀಸೆಲ್ ಎಂಜಿನ್ ಆಯಿಲ್ ಸಾಕು. ಮೊದಲು ಆರು ಲೀಟರ್ ಹಾಕಿ, ಆಮೇಲೆ ಕಡ್ಡಿ ನೋಡುತ್ತ ಸ್ವಲ್ಪ ಸ್ವಲ್ಪ ಸೇರಿಸಿ ಮೇಲಿನ ಗುರುತಿಗೆ ನಿಲ್ಲಿಸಿ.

ಕಪ್ಪುಮಣ್ಣು

ಡಯಾಫ್ರಮ್ ನಡುವ ಸೀಳಿತ್ರಿ. ಪೂರ್ತಿ ಫೀಡ್ ಪಂಪ್ ಹೊಸಾದು, ಆಯಿಲ್, ಆಯಿಲ್ ಫಿಲ್ಟರ್ ಹೊಸಾವು. ಈಗ ಏರ್ ತಗೀಬೇಕು. ಡಿಪಿಎ ಪಂಪಿಗೆ ಯಾವ ಸ್ಕ್ರೂ ಮೊದ್ಲ, ಯಾವುದು ಆಮ್ಯಾಲ?

ಪಂಪ್‌ರೂಮ್

ಕ್ರಮ ತಪ್ಪಿದರೆ ಇಡೀ ದಿನ ಸೆಲ್ಫ್ ಹೊಡೆದರೂ ಹತ್ತುವುದಿಲ್ಲ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ, ಕಾಕ್ ತೆರೆದಿರಲಿ, ಸ್ಟಾಪ್ ಕೇಬಲ್ ಪೂರ್ತಿ ಒಳಗಿರಲಿ. ಸ್ಟಾಪ್ ಎಳೆದಿಟ್ಟು ಏರ್ ತೆಗೆಯುತ್ತ ಕೂರುವವರು ಬಹಳ. ಪಂಪಿನ ಮೈಯನ್ನೂ ಯೂನಿಯನ್‌ಗಳನ್ನೂ ಮೊದಲು ಬ್ರಶ್ಶಿನಿಂದ ತೊಳೆಯಿರಿ, ಬಿಚ್ಚಿದ ಬಾಯಲ್ಲಿ ಒಂದು ಮರಳಿನ ಕಣ ಹೋದರೂ ರೋಟರ್ ಗೀರುತ್ತದೆ.

ಪಂಪಿನ ಮೇಲ್ಭಾಗದ ಗವರ್ನರ್ ಮನೆಯ ಏರ್ ಸ್ಕ್ರೂ, ಪಂಪಿನ ಪಕ್ಕದಲ್ಲಿ ಹೈಡ್ರಾಲಿಕ್ ಹೆಡ್ ಹಿಡಿದಿರುವ ಬೋಲ್ಟಿನ ಮೇಲಿರುವ ಏರ್ ಸ್ಕ್ರೂ, ಫಿಲ್ಟರ್ ತಲೆಯ ಪ್ಲಗ್: ಈ ಮೂರನ್ನೂ ಎರಡು ಮೂರು ಸುತ್ತು ಸಡಿಲಿಸಿ. ಪಕ್ಕದ ಬೋಲ್ಟಿನಲ್ಲಿ ಸಣ್ಣ ಸ್ಕ್ರೂವನ್ನು ಮಾತ್ರ ಸಡಿಲಿಸಬೇಕು, ದೊಡ್ಡ ಬೋಲ್ಟನ್ನಲ್ಲ. ಈಗ ಫೀಡ್ ಪಂಪಿನ ಕೈ ಲಿವರ್ ಆಡಿಸಿ. ಲಿವರ್ ಹಗುರಾಗಿ ಆಡಿ ಏನೂ ತಳ್ಳದಿದ್ದರೆ ಕ್ಯಾಮ್ ಎತ್ತರದಲ್ಲಿ ನಿಂತಿದೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ಮತ್ತೆ ಆಡಿಸಿ. ಗುಳ್ಳೆ ಇಲ್ಲದ ಡೀಸೆಲ್ ಬಂದಂತೆ ಮೊದಲು ಫಿಲ್ಟರ್ ಪ್ಲಗ್, ಆಮೇಲೆ ಪಕ್ಕದ ಸ್ಕ್ರೂ, ಕೊನೆಗೆ ಮೇಲಿನ ಗವರ್ನರ್ ಸ್ಕ್ರೂ ಬಿಗಿಯಿರಿ. ಅದಾದ ಮೇಲೆ ಪಂಪಿಗೆ ಡೀಸೆಲ್ ಬರುವ ಯೂನಿಯನ್ನನ್ನು ಸಡಿಲಿಸಿ ಮತ್ತೆ ಹತ್ತು ಹದಿನೈದು ಸಲ ಆಡಿಸಿ, ಬಿಗಿಯಿರಿ.

ಇನ್ನು ನಾಝಲ್ ಕಡೆ. ಮೂರರಲ್ಲಿ ಎರಡು ಪೈಪುಗಳ ನಟ್ ಸಡಿಲಿಸಿ, ಆಕ್ಸಲರೇಟರ್ ಪೂರ್ತಿ ಇಟ್ಟು ಸೆಲ್ಫ್ ಹೊಡೆಯಿರಿ. ನಟ್ಟಿನ ಸುತ್ತ ಡೀಸೆಲ್ ಬಂದರೆ ಬಿಗಿಯಿರಿ, ಎಂಜಿನ್ ಹತ್ತಿಕೊಳ್ಳುತ್ತದೆ. ಸೆಲ್ಫ್ ಒಂದು ಸಲಕ್ಕೆ ಹದಿನೈದು ಸೆಕೆಂಡ್ ದಾಟಬಾರದು, ನಡುವೆ ಒಂದು ನಿಮಿಷ ಬಿಡಿ, ಇಲ್ಲವಾದರೆ ಸೆಲ್ಫ್ ಮೋಟರ್ ಸುಡುತ್ತದೆ.

ಬಿಚ್ಚಿದ ಪ್ರತಿ ಬಾಂಜೋ ಬೋಲ್ಟಿಗೂ (ಪೈಪನ್ನು ಹಿಡಿದಿಡುವ, ಒಳಗೆ ತೂತಿರುವ ಬೋಲ್ಟಿಗೂ) ಎರಡೂ ಕಡೆ ಹೊಸ ತಾಮ್ರದ ವಾಶರ್ ಹಾಕಿ. ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆದುವಾಗಿ ಮತ್ತೆ ಕೂರುತ್ತದೆ. ದಾರ ಸುತ್ತುವುದು, ಸೋಪು ಹಚ್ಚುವುದು ಬೇಡವೇ ಬೇಡ. ಎಳೆಯುವ ಕಡೆ ಸೋರಿಕೆ ಇದ್ದರೆ ಡೀಸೆಲ್ ಹೊರಗೆ ಕಾಣದೆಯೂ ಇರಬಹುದು, ಅಲ್ಲಿ ಗಾಳಿ ಒಳಗೆ ಹೋಗುತ್ತದೆ. ಅನುಮಾನ ಇದ್ದರೆ ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗಕ್ಕೆ ತಾತ್ಕಾಲಿಕವಾಗಿ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಕ್ಲಾಂಪ್ ಹಾಕಿ ಬಿಗಿದು ಓಡಿಸಿ. ಗುಳ್ಳೆ ಕಣ್ಣಿಗೆ ಕಾಣುತ್ತವೆ.

ಬಯಲುಸೀಮೆ

ಬೆಳಿಗ್ಗೆ ಸ್ಟಾರ್ಟಿಗೆ ಏರ್ ಕ್ಲೀನರ್ ಬಾಯಿಗೆ ಈಥರ್ ಸ್ಪ್ರೇ ಹೊಡೆದರೆ ಒಂದೇ ಸಲಕ್ಕೆ ಹತ್ತುತ್ತದೆ. ಈಗಿನ ಡೀಸೆಲ್ಲಿನಲ್ಲಿ ಗಂಧಕ ಇಲ್ಲ, ಹಳೆ ಪಂಪ್ ಒಣಗಿ ಸವೆಯುತ್ತದೆ, ಲೀಟರಿಗೆ ಐದು ಎಂಎಲ್ 2ಟಿ (ಟೂ-ಸ್ಟ್ರೋಕ್ ಎಂಜಿನ್) ಆಯಿಲ್ ಬೆರೆಸಿ.

ಲೇತ್ ಕೆಲಸ

ಅಣ್ಣ, ಸ್ಪ್ರೇ ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟು: ಬೇಡ. ಈಥರ್ ತನ್ನ ಸಮಯಕ್ಕಿಂತ ಮೊದಲೇ ಸಿಡಿಯುತ್ತದೆ, ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ. ರಿಂಗ್ ಮುರಿದು, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಒಡೆದು ಬಂದ ಎಂಜಿನ್‌ಗಳಲ್ಲಿ ಇದೊಂದು ದೊಡ್ಡ ಕಾರಣ. ಅದೂ ಅಲ್ಲದೆ ನಮ್ಮ ಕಡೆಯ ಚಳಿಗೆ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ ಯಾವ ಸ್ಪ್ರೇಯೂ ಬೇಕಿಲ್ಲ. ಬೇಕಾಗುತ್ತಿದೆ ಎಂದರೆ ರೋಗ ಬೇರೆ ಇದೆ.

ಪಂಪ್‌ರೂಮ್

2ಟಿ ಬಗ್ಗೆ: 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬರುತ್ತಿರುವ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಪಿಪಿಎಂ ಮಿತಿಯೊಳಗಿದೆ ಎನ್ನುವುದು ನಿಜ. ಆದರೆ ಜಾರುಗುಣಕ್ಕೂ ಅದೇ ಮಾನದಂಡದಲ್ಲಿ ಮಿತಿ ಇದೆ, ಅದನ್ನು ತಲುಪಿಸಲು ಬೇಕಾದದ್ದನ್ನು ತೈಲ ಕಂಪನಿಗಳೇ ಬೆರೆಸುತ್ತವೆ. ಬಂಕಿನ ಸರಿಯಾದ ಡೀಸೆಲ್ಲಿಗೆ 2ಟಿ ಬೇಕಿಲ್ಲ. ಪಂಪನ್ನು ನಿಜವಾಗಿ ಕೊಲ್ಲುವುದು ನೀರು, ಸೀಮೆಎಣ್ಣೆ ಬೆರಕೆ, ಮತ್ತು "ಬಯೋ ಡೀಸೆಲ್" ಎಂದು ಅಗ್ಗಕ್ಕೆ ಮಾರುವ ಗೊತ್ತುಗುರಿಯಿಲ್ಲದ ದ್ರವ. ಡಿಪಿಎ ಪಂಪಿಗೆ ಡೀಸೆಲ್ಲೇ ಎಣ್ಣೆ, ಬೇರೆ ಆಯಿಲ್ ಇಲ್ಲ. ಬಿಸಿ ಪಂಪಿನ ಮೇಲೆ ತಣ್ಣೀರು ಸುರಿಯುವುದೂ ಅಪಾಯ. ರೋಟರ್ ಸಂದಿ ಮೈಕ್ರಾನ್ ಲೆಕ್ಕದ್ದು, ಹೊರಮೈ ಕುಗ್ಗಿದರೆ ಹಿಡಿದುಕೊಳ್ಳುತ್ತದೆ.

ಕಪ್ಪುಮಣ್ಣು

ಏರ್ ತಗದ ಮ್ಯಾಲ ಲಗೂನ ಹತ್ತೇತ್ರಿ. ಮುಂಜಾನೆನೂ ಈಗ ಎರಡನೇ ಸಲಕ್ಕ ಹತ್ತೈತಿ. ಖರೇ ಮಿಸ್ ಹೊಡಿಯೂದು, ಬಿಳಿ ಹೊಗಿ ಇನ್ನೂ ಅದಾವ. ಹೊಗಿ ಐದಾರು ನಿಮಿಷ ಬರ್ತೈತಿ, ಗಾಡಿ ಕಾದ ಮ್ಯಾಲ ಕಮ್ಮಿ.

ಹಾಸನ 1035

ಸಿಲಿಂಡರ್ ಕಟ್ ಮಾಡಿ ನೋಡಿ. ಐಡ್ಲಿಂಗಿನಲ್ಲಿ ಓಡುತ್ತಿರುವಾಗ ನಾಝಲ್ ಪೈಪಿನ ನಟ್ಟನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ. ಕೆಲಸ ಮಾಡುವ ಸಿಲಿಂಡರ್ ಆದರೆ ಎಂಜಿನ್ ತಕ್ಷಣ ಕುಗ್ಗಿ ನಡುಗುತ್ತದೆ. ಯಾವುದನ್ನು ಸಡಿಲಿಸಿದರೂ ಸದ್ದಿನಲ್ಲಿ ಬದಲಾವಣೆಯೇ ಇಲ್ಲವೋ ಅದೇ ಮಲಗಿರುವ ಸಿಲಿಂಡರ್. ಕನ್ನಡಕ ಹಾಕಿಕೊಳ್ಳಿ, ನಟ್ಟಿನ ಮೇಲೆ ಬಟ್ಟೆ ಇಡಿ. ಬಿಚ್ಚಿದ ನಾಝಲ್ಲಿನ ಚಿಮ್ಮುವಿಕೆಗೆ ಕೈ ಅಡ್ಡ ಇಟ್ಟು ಎಂದೂ ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲವೆಂದು ಸುಮ್ಮನಿರದೆ ನೇರ ಆಸ್ಪತ್ರೆಗೆ ಹೋಗಬೇಕು, ಬೆರಳೇ ಹೋಗಬಹುದು.

ಕಪ್ಪುಮಣ್ಣು

ಎರಡನೇದು ಸಡಿಲ ಮಾಡಿದ್ರ ಏನೂ ಫರಕ ಇಲ್ಲ. ಒಂದು, ಮೂರು ಸಡಿಲ ಮಾಡಿದ್ರ ಬಂದ್ ಬೀಳೂವಂಗ ಆಕ್ಕೈತಿ.

ಪಂಪ್‌ರೂಮ್

ಹೊಸ ನಾಝಲ್ ಕೊಳ್ಳುವ ಮೊದಲು ಎರಡನೆಯದರ ಇಂಜೆಕ್ಟರನ್ನು (ನಾಝಲ್ ಮತ್ತು ಅದರ ಹೋಲ್ಡರ್ ಸೇರಿದ್ದು) ಒಂದನೆಯದಕ್ಕೆ, ಒಂದನೆಯದನ್ನು ಎರಡನೆಯದಕ್ಕೆ ಹಾಕಿ ನೋಡಿ. ತೊಂದರೆ ಇಂಜೆಕ್ಟರ್ ಜತೆ ಒಂದನೆಯದಕ್ಕೆ ಹೋದರೆ ದೋಷ ಇಂಜೆಕ್ಟರಿನದು. ಎರಡರಲ್ಲೇ ಉಳಿದರೆ ಕಂಪ್ರೆಷನ್, ವಾಲ್ವ್ ಅಥವಾ ಆ ಸಾಲಿನ ಪೈಪ್.

ತೆಗೆಯುವಾಗ ಹೆಡ್ಡಿನ ಕುಳಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಹಳೆ ತಾಮ್ರದ ವಾಶರ್ ಅಲ್ಲೇ ಅಂಟಿಕೊಂಡಿರುತ್ತದೆ, ಗಮನಿಸದೆ ಮೇಲೆ ಇನ್ನೊಂದು ಹಾಕಿರುತ್ತಾರೆ. ಎರಡು ವಾಶರ್ ಆದರೆ ನಾಝಲ್ ತುದಿ ಮೇಲೆ ನಿಂತು, ಸ್ಪ್ರೇ ಪಿಸ್ಟನ್ನಿನ ಬಟ್ಟಲಿಗೆ ಬೀಳಬೇಕಾದದ್ದು ಬೇರೆ ಕಡೆ ಬೀಳುತ್ತದೆ. ಹಾಕುವಾಗ ಹೊಸ ವಾಶರ್ ಒಂದೇ, ಎರಡೂ ನಟ್ ಸ್ವಲ್ಪ ಸ್ವಲ್ಪವಾಗಿ ಸಮನಾಗಿ, ಸುಮಾರು 1.6 ಕೆ.ಜಿ.-ಮೀ. ಅಷ್ಟೇ ಬಿಗಿ. ಮೈಮೇಲೆ ಬಿದ್ದು ಬಿಗಿದರೆ ನಾಝಲ್ ಸೊಟ್ಟಗಾಗಿ ಒಳಗಿನ ಸೂಜಿ ಹಿಡಿಯುತ್ತದೆ.

ಟೆಸ್ಟರಿನ ಮೇಲೆ ಅಂಗಡಿಯವರಿಗೆ ನಾಲ್ಕು ಕೇಳಿ. ಎಷ್ಟು ಒತ್ತಡಕ್ಕೆ ತೆರೆಯುತ್ತದೆ? ಹೋಲ್ಡರಿನ ಮೇಲಿನ ಕೋಡ್ ನೋಡಿ ಸೆಟ್ ಮಾಡಬೇಕು, ಮೂರೂ ಒಂದೇ ಒತ್ತಡಕ್ಕೆ ಇರಬೇಕು. ಎಲ್ಲ ತೂತುಗಳಿಂದಲೂ ಸಮನಾಗಿ ಮಂಜಿನಂತೆ ಬರುತ್ತದೆಯೇ? ತೆರೆಯುವ ಒತ್ತಡಕ್ಕಿಂತ ಹತ್ತು ಬಾರ್ ಕೆಳಗೆ ಹಿಡಿದರೆ ಹತ್ತು ಸೆಕೆಂಡ್ ತುದಿ ಒಣಗಿರುತ್ತದೆಯೇ? ರಿಟರ್ನ್ ಕಡೆ ಅತಿಯಾಗಿ ಸೋರುತ್ತದೆಯೇ?

ಕಪ್ಪುಮಣ್ಣು

ಎರಡು ವಾಶರ್ ಇದ್ದುವ್ರಿ. ಇಂಜೆಕ್ಟರ್ ಬದಲಿ ಮಾಡಿದ್ರ ಮಿಸ್ ಅದರ ಕೂಡ ಒಂದನೇದಕ್ಕ ಹೋತು. ಟೆಸ್ಟರಿನ ಮ್ಯಾಲ ತುದಿ ಹನಿ ಬಿಡತಿತ್ತು. ಮೂರಕ್ಕೂ ಹೊಸಾ ನಾಝಲ್ ಹಾಕಿ ಸೆಟ್ ಮಾಡಿಸೇವಿ. ಮಿಸ್ ಹೋತು. ಬಿಳಿ ಹೊಗಿ ಭಾಳ ಕಮ್ಮಿ, ಖರೇ ಪೂರ್ತಿ ಹೋಗಿಲ್ಲ.

ಲೇತ್ ಕೆಲಸ

ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಇದೆಯಾ ನೋಡಿ. ಹೀಟ್ ಆಗುತ್ತದೆಂದು ಅದನ್ನು ಕಿತ್ತು ಎಸೆಯುವುದು ಇಲ್ಲಿ ರೂಢಿ. ಅದು ಸುಮಾರು 82 ಡಿಗ್ರಿಗೆ ತೆರೆಯಬೇಕು; ಇಲ್ಲದಿದ್ದರೆ ಎಂಜಿನ್ ಕಾಯಲು ಹೊತ್ತು ಹಿಡಿದು ಬಿಳಿ ಹೊಗೆ ಉಳಿಯುತ್ತದೆ, ಲೈನರ್ ಬೇಗ ಸವೆಯುತ್ತದೆ. ಹೀಟ್ ಆಗುವುದಕ್ಕೆ ರೇಡಿಯೇಟರ್ ರೆಕ್ಕೆಗಳ ಹೊಟ್ಟು ತೆಗೆಯಿರಿ, ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ 10–12 ಮಿ.ಮೀ. ಮಾತ್ರ ಬಾಗುವಂತೆ ಬಿಗಿಯಿರಿ.

ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದಿ) ನೋಡಿ. ತಣ್ಣಗಿದ್ದಾಗ 0.30 ಮಿ.ಮೀ., ಬಿಸಿಯಲ್ಲಿ 0.25, ಇನ್‌ಲೆಟ್, ಎಗ್ಸಾಸ್ಟ್ ಎರಡಕ್ಕೂ ಒಂದೇ. ಒಂದನೆಯ ಸಿಲಿಂಡರಿನ ಇನ್‌ಲೆಟ್ ವಾಲ್ವ್ ತೆರೆದು ಮುಚ್ಚಿದ ಮೇಲೆ ಕ್ರ್ಯಾಂಕನ್ನು ಇನ್ನೊಂದು ಅರ್ಧ ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿಸಿ. ಎರಡೂ ರಾಕರ್ ಸಡಿಲ ಇದ್ದರೆ ಅದು ಕಂಪ್ರೆಷನ್ ಮೇಲ್ತುದಿ, ಅಲ್ಲಿ ಸೆಟ್ ಮಾಡಿ. ಫೈರಿಂಗ್ ಕ್ರಮ 1-2-3, ಆದ್ದರಿಂದ ಅಲ್ಲಿಂದ 240 ಡಿಗ್ರಿಗೆ ಎರಡನೆಯದು, ಮತ್ತೆ 240ಕ್ಕೆ ಮೂರನೆಯದು. ಸಂದಿ ಇಲ್ಲದ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿಸುತ್ತದೆ, ಕೊನೆಗೆ ಸುಡುತ್ತದೆ.

ಅದಾದ ಮೇಲೂ ಹೊಗೆ ಇದ್ದರೆ ಕಂಪ್ರೆಷನ್ ಅಳೆಸಿ. ಮೂರರ ನಡುವೆ ಚದರ ಸೆಂಟಿಮೀಟರಿಗೆ ಮೂರೂವರೆ ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬ್ಯಾಟರಿ ಪೂರ್ತಿ ಚಾರ್ಜ್ ಇದ್ದಾಗಲೇ ಅಳೆಯಬೇಕು, ಸೆಲ್ಫ್ ನಿಧಾನ ತಿರುಗಿದರೆ ಲೆಕ್ಕ ಸುಳ್ಳು ಬರುತ್ತದೆ. ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಒಂದೇ ಸಮನೆ ಹೊಗೆ ನೂಕುತ್ತಿದ್ದರೆ ರಿಂಗ್, ಲೈನರ್ ಮುಗಿದಿವೆ.

ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸ್ ಕಳಚಿ ಒಳಗೆ ಬೆರಳು ಆಡಿಸಿ. ಬೆರಳಿಗೆ ಮಣ್ಣು ಹತ್ತಿದರೆ ಆ ಎಂಜಿನ್ನಿಗೆ ಆಯುಷ್ಯ ಇಲ್ಲ. ಹೋಸಿನ ಒಂದು ಬಿರುಕು ಹೊಸ ಲೈನರನ್ನೂ ಬೇಗನೆ ತಿಂದುಹಾಕುತ್ತದೆ. ಏರ್ ಕ್ಲೀನರಿನ ಎಣ್ಣೆ ಬಟ್ಟಲಿಗೆ ಗುರುತಿನವರೆಗೆ ಮಾತ್ರ ಎಂಜಿನ್ ಆಯಿಲ್, ಅದಕ್ಕಿಂತ ಹೆಚ್ಚು ಹಾಕಿದರೆ ಎಂಜಿನ್ ಅದನ್ನೇ ಎಳೆಯುತ್ತದೆ. ಧೂಳಿನ ಕೆಲಸ ಇದ್ದರೆ ದಿನಾ ತೊಳೆಯಿರಿ.

ಕಪ್ಪುಮಣ್ಣು

ಥರ್ಮೋಸ್ಟಾಟ್ ಇರಲೇ ಇಲ್ಲ, ಹೊಸಾದು ಹಾಕೇವಿ. ಎರಡನೇ ಸಿಲಿಂಡರಿನ ಎಗ್ಸಾಸ್ಟ್ ಟ್ಯಾಪೆಟ್‌ನ್ಯಾಗ 0.10 ಗೇಜೂ ಹೋಗತಿರಲಿಲ್ಲ, ಎಲ್ಲಾ 0.30ಕ್ಕ ಸೆಟ್ ಮಾಡೇವಿ. ಈಗ ಒಂದೇ ಸಲಕ್ಕ ಹತ್ತೈತಿ, ಹೊಗಿ ಅರ್ಧ ನಿಮಿಷ. ಬ್ರೀದರ್ ಸ್ವಚ್ಛ ಐತಿ. ಹೆಡ್ ಇಳಸೂದು ಬೇಡಲ್ರಿ?

ಲೇತ್ ಕೆಲಸ

ಬೇಡ. ಬ್ರೀದರ್ ಸ್ವಚ್ಛ, ಸ್ಟಾರ್ಟ್ ಸುಲಭ ಇರುವ ಎಂಜಿನ್ನಿನ ಹೆಡ್ ಬಿಚ್ಚಬಾರದು. ಆ ಎಗ್ಸಾಸ್ಟ್ ವಾಲ್ವ್ ಮಾತ್ರ ಕಣ್ಣಲ್ಲಿಡಿ. ಐವತ್ತು ಗಂಟೆ ದುಡಿಸಿ ಮತ್ತೆ ಗೇಜ್ ಹಾಕಿ. ಅಷ್ಟರಲ್ಲೇ ಸಂದಿ ಮತ್ತೆ ಕಡಿಮೆಯಾಗಿದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ, ಸುಗ್ಗಿ ಮುಗಿದ ಮೇಲೆ ಹೆಡ್ ಇಳಿಸಿ ಸೀಟ್ ಕಟ್ ಮಾಡಿಸಿದರಾಯಿತು.

ಹಾಸನ 1035

ಇನ್ನೊಂದು ಸರ್. ಡೀಸೆಲ್ ಬೆರೆತ ಹಳೆ ಆಯಿಲ್ ಬಸಿದರೂ ಗ್ಯಾಲರಿಯಲ್ಲಿ, ಸಂಪಿನ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ. ಈ ಸಲದ ಆಯಿಲನ್ನು ಪೂರ್ತಿ ಅವಧಿ ಓಡಿಸದೆ, ಇಪ್ಪತ್ತೈದು ಗಂಟೆಗೇ ಬಿಸಿಯಿದ್ದಾಗ ಬಸಿದು ಫಿಲ್ಟರ್ ಸಮೇತ ಬದಲಿಸಿ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಕಡ್ಡಿ ನೋಡಿ. ಮಟ್ಟ ಮತ್ತೆ ಏರಿದರೆ ಉಳಿದಿರುವುದು ಡಿಪಿಎ ಪಂಪಿನ ಶಾಫ್ಟ್ ಸೀಲ್. ಆಗ ಪಂಪನ್ನು ಬಿಚ್ಚಿ ಕಳಿಸಲೇಬೇಕು. ಬಿಚ್ಚುವ ಮುಂಚೆ ಫ್ಲೇಂಜಿನ ಮೇಲಿನ ಗೆರೆ ಮತ್ತು ಟೈಮಿಂಗ್ ಕೇಸಿನ ಗೆರೆ ಒಂದಕ್ಕೊಂದು ಎಲ್ಲಿ ಕೂತಿವೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ.